ಬಚ್ಚಲಮನೆ ಬಾಗಿಲಿನ ಜಗಳ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಹೆಸರು, ವಿವರ ಬದಲಿಸಿದೆ.)

ರಮೇಶ್ ಅವರಿಗೆ 36 ವರ್ಷ. ಬೌದ್ಧಿಕ ವೈಕಲ್ಯ, ಜೊತೆಗೆ ಫಿಟ್ಸ್. ತಾಯಿ ತೀರಿಕೊಂಡ ಮೇಲೆ ಇನ್ನೂ ಮೂವರ ಜೊತೆ ಒಂದು ಗ್ರೂಪ್ ಹೋಮ್‌ನಲ್ಲಿದ್ದಾರೆ. ಅಲ್ಲಿ ಎಲ್ಲರಿಗೂ ಅವರು 'ಪುಟ್ಟ'. ಎರಡು ತಿಂಗಳಿಂದ ಸಹಾಯಕನ ಮೇಲೆ ಕೈ ಮಾಡುತ್ತಿದ್ದರು, ತಟ್ಟೆ ಎಸೆಯುತ್ತಿದ್ದರು. ಮಂಪರಿನ ಮಾತ್ರೆ ಬರೆಸೋಣ ಎಂದಿತು ಹೋಮ್. ಪಾಲಕಿಯಾದ ಅಕ್ಕ ಒಪ್ಪುವ ಮೊದಲು ಸಲಹೆ ಕೇಳಲು ಬಂದರು.

ಮಾತ್ರೆಯ ಮಾತಿಗೆ ಮುಂಚೆ ದೇಹ ನೋಡಬೇಕು: ಹಲ್ಲುನೋವು, ಕಿವಿ, ಮಲಬದ್ಧತೆ. ಫಿಟ್ಸ್ ಮಾತ್ರೆ ಈಚೆಗೆ ಬದಲಾಗಿದೆಯೇ? ಲೆವೆಟಿರಾಸಿಟಮ್ ಎಂಬ ಫಿಟ್ಸ್ ಮಾತ್ರೆಯಿಂದ ಕೆಲವರಿಗೆ ಸಿಡುಕು ಬರುತ್ತದೆ. ಹಾಗಂತ ತಾವಾಗಿ ನಿಲ್ಲಿಸುವಂತಿಲ್ಲ, ವೈದ್ಯರನ್ನೇ ಕೇಳಬೇಕು. ಇಲ್ಲಿ ಅಂಥದ್ದೇನೂ ಸಿಗಲಿಲ್ಲ.

14 ದಿನ ಪ್ರತಿ ಗಲಾಟೆಯನ್ನೂ ಬರೆದಿಡಲು ಹೇಳಲಾಯಿತು: ಗಂಟೆ, ಅದಕ್ಕೆ ಮುಂಚೆ ಏನಾಯಿತು, ಆಮೇಲೆ ಯಾರು ಏನು ಮಾಡಿದರು. 11ರಲ್ಲಿ 9 ಬೆಳಗಿನ ಐದೂವರೆಯ ಸ್ನಾನದ ಹೊತ್ತಿನವು. ರಾತ್ರಿ ಪಾಳಿ ಏಳಕ್ಕೆ ಮುಗಿಯುತ್ತದೆ, ಅಷ್ಟರೊಳಗೆ ನಾಲ್ವರ ಮೈ ತೊಳೆಯಬೇಕು. ಹೋಮ್ 'ಶಿಸ್ತು' ಎನ್ನುವುದು ಎಷ್ಟೋ ಸಲ ಪಾಳಿಯ ವೇಳಾಪಟ್ಟಿಯೇ. ಬಾಗಿಲು ಪೂರ್ತಿ ತೆರೆದಿರುತ್ತಿತ್ತು. “ಒಳಗೆ ಬಿದ್ರೆ ಯಾರು ಜವಾಬ್ದಾರಿ, ಮೇಡಂ?” ಎಂದರು ಅಕ್ಕ. ಭಯ ನ್ಯಾಯವಾದದ್ದೇ. ಆದರೆ ಬೀಳದಂತೆ ನೋಡಿಕೊಳ್ಳಲು ಮಾನ ಕಳೆಯಬೇಕಿಲ್ಲ.

ಸಲಹೆ ಹೀಗಿತ್ತು. ಬಾಗಿಲು ಹೊರಗೆ ತೆರೆಯುವಂತೆ ಕೀಲು ಬದಲಿಸಿ. ಒಳಕ್ಕೆ ತೆರೆಯುವ ಬಾಗಿಲಿಗೆ ಬಿದ್ದವರ ಮೈ ಅಡ್ಡವಾದರೆ ತೆಗೆಯಲಾಗದು. ಚಿಲಕ ಬೇಡ, 'ಒಳಗಿದ್ದಾರೆ' ಎಂಬ ಫಲಕ ಸಾಕು. ಕೈಹಿಡಿಯಿರುವ ಕುರ್ಚಿಯಲ್ಲಿ ಕೂತು ಮಗ್ಗಿನಿಂದ ಸ್ನಾನ. ಬಕೆಟ್‌ಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ತನ್ನ ಪಾಲಿನ ಸಹಾಯ ಮುಗಿದ ಮೇಲೆ ಸಹಾಯಕ ಹೊರಗೆ ನಿಂತು ಆಗಾಗ ಹೆಸರು ಕರೆಯಲಿ; ಉತ್ತರ ಬಾರದಿದ್ದರೆ ಒಳಗೆ ಹೋಗಲಿ. ಫಿಟ್ಸ್ 5 ನಿಮಿಷ ದಾಟಿದರೆ 108. ಬೆಳಿಗ್ಗೆಯೋ ಸಂಜೆಯೋ ಎಂದು ರಮೇಶರನ್ನೇ ಕೇಳಿ. ಕೇಳಿದಾಗ ಅವರು ಸಂಜೆ ಎಂದರು.

ತಾವೇ ಸ್ನಾನ ಮಾಡುವ ಕಲಿಕೆ ಕೊನೆಯ ಹಂತದಿಂದ ಶುರುವಾಗಬೇಕು. ಮೊದಲ ವಾರ ಮೈ ಒರೆಸಿಕೊಳ್ಳುವುದಷ್ಟೇ ಅವರ ಪಾಲು, ಅದು ಬಂದ ಮೇಲೆ ಅದರ ಹಿಂದಿನದು. ಮುಗಿಸಿದ ಖುಷಿ ಅವರದಾಗುತ್ತದೆ. ಅವಸರದ ದಿನ ಸಹಾಯಕ ಎಲ್ಲ ಮಾಡಿಬಿಟ್ಟರೆ ಮರುದಿನ ಅವರು ಕೈಕಟ್ಟಿ ಕೂರುತ್ತಾರೆ. ಕಲಿಕೆ ಕೆಡುವುದು ಹೆಚ್ಚಾಗಿ ಇಲ್ಲೇ.

ಅಕ್ಕನಿಗೆ ಒಂದು ವಿಷಯ ಬಿಡಿಸಿ ಹೇಳಬೇಕಾಯಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಪಾಲಕತ್ವ ಸೀಮಿತವಾದದ್ದು. ನಿರ್ಧಾರ ಇಬ್ಬರೂ ಸೇರಿ, ಆ ವ್ಯಕ್ತಿಯ ಇಚ್ಛೆಯಂತೆ. ಸ್ನಾನದ ಗಂಟೆಗೆ ಅಕ್ಕನ ಸಹಿ ಬೇಕಿಲ್ಲ.

ಆರು ವಾರದ ನಂತರದ 14 ದಿನಗಳಲ್ಲಿ ಗಲಾಟೆ ಎರಡು. ಒಂದು, ಬದಲಿ ಸಹಾಯಕ ಹೇಳದೆ ಒಳನುಗ್ಗಿದ ದಿನ. ಈಗ ಬದಲಿಗೆ ಬರುವವರಿಗೆಂದೇ ಬಾಗಿಲ ಹೊರಗೆ ಒಂದು ಹಾಳೆ ಅಂಟಿಸಿದೆ. ಚಹಾ ಅಂಗಡಿಗೆ ವಾರಕ್ಕೆ 50 ರೂಪಾಯಿ ಕೈಗೆ ಕೊಡುವ ವಿಚಾರಕ್ಕೆ ಅಕ್ಕ ಇನ್ನೂ ಒಪ್ಪಿಲ್ಲ. ಮುಂದಿನ ಭೇಟಿಯಲ್ಲಿ ರಮೇಶರೂ ಕೂತು ಮಾತಾಡಲಿದ್ದಾರೆ.