ಓದುಗರ ಪ್ರಶ್ನೆ: ಮೇಯರ್‌ಗೆ ‘ಆಗುವುದಿಲ್ಲ’ ಎನ್ನಬಲ್ಲವರು ಯಾರು?

ಈ ಸಲದ ಪ್ರಶ್ನೆಗಳೆಲ್ಲ ನ್ಯೂಯಾರ್ಕ್ ನಗರದ ಕಂಪ್ಟ್ರೋಲರ್ ಹುದ್ದೆಯ ಸುತ್ತ. 2025ರ ನವೆಂಬರ್ 4ರ ಚುನಾವಣೆಯಲ್ಲಿ ಮೇಯರ್ ಸ್ಪರ್ಧೆಯ ಸದ್ದಿಗೆ ಈ ಹುದ್ದೆ ಬಹಳ ಮಂದಿಯ ಕಣ್ಣಿಗೇ ಬೀಳಲಿಲ್ಲ. ನಗರದ ದುಡ್ಡಿನ ಕಾವಲು ಇರುವುದು ಮಾತ್ರ ಇಲ್ಲೇ.

ಪ್ರಶ್ನೆ: ಪೌರತ್ವ ಸಿಕ್ಕ ಮೇಲೆ ಮೊದಲ ಸಲ ಮತ ಹಾಕಿದೆ. ಕಂಪ್ಟ್ರೋಲರ್ ಯಾರಾಗಬೇಕು ಎನ್ನುವ ಕಡೆ ಏನೂ ತೋಚದೆ ಖಾಲಿ ಬಿಟ್ಟು ಬಂದೆ. ಎಲ್ಲರೂ ‘ಪಾರದರ್ಶಕತೆ ತರುತ್ತೇನೆ’ ಅಂತಲೇ ಹೇಳುತ್ತಾರೆ. ಆರಿಸುವುದು ಹೇಗೆ? (ಕ್ವೀನ್ಸ್‌ನ ಓದುಗರು)

ಉತ್ತರ: ಮೊದಲು ಹುದ್ದೆಯ ಕೆಲಸ ಏನೆಂದು ನೋಡೋಣ. 2025ರಲ್ಲಿ ಸುಮಾರು 11,600 ಕೋಟಿ ಡಾಲರ್‌ಗಳಷ್ಟಿದ್ದ ನಗರದ ಬಜೆಟ್ ಮಂಡಿಸುವುದು ಮೇಯರ್, ಅಂಗೀಕರಿಸುವುದು ಸಿಟಿ ಕೌನ್ಸಿಲ್. ಕಂಪ್ಟ್ರೋಲರ್‌ಗೆ ಅದರಲ್ಲಿ ಮತವಿಲ್ಲ. ಇಲಾಖೆಗಳ ಆಡಿಟ್ ಮಾಡುವುದು, ಗುತ್ತಿಗೆಗಳನ್ನು ನೋಂದಾಯಿಸುವುದು, ನಗರದ ಮೇಲೆ ಬರುವ ಪರಿಹಾರದ ಕ್ಲೇಮುಗಳನ್ನು ಇತ್ಯರ್ಥ ಮಾಡುವುದು, ಮೇಯರ್ ಕಚೇರಿಯ ಜೊತೆ ಸೇರಿ ಬಾಂಡ್ ಹೊರಡಿಸುವುದು, ಐದು ಪಿಂಚಣಿ ನಿಧಿಗಳ ಹೂಡಿಕೆ ನೋಡಿಕೊಳ್ಳುವುದು, ನಗರದ ಕಾಮಗಾರಿಗಳಲ್ಲಿ ಕಾರ್ಮಿಕರಿಗೆ ನಿಗದಿತ ಕೂಲಿ ಸಿಗುತ್ತಿದೆಯೇ ಎಂದು ಪರಿಶೀಲಿಸುವುದು ಅವರ ಕೆಲಸ.

ಆದ್ದರಿಂದ ಅಭ್ಯರ್ಥಿಯ ಕರಪತ್ರ ಕೈಗೆ ಬಂದ ಕೂಡಲೇ ಪೆನ್ನು ಹಿಡಿದು ಕೂತು, ಈ ಹುದ್ದೆಯಿಂದ ಆಗದ ಭರವಸೆಗಳನ್ನೆಲ್ಲ ಹೊಡೆದುಹಾಕಿ. ಬಾಡಿಗೆ ಏರದಂತೆ ನೋಡಿಕೊಳ್ಳುತ್ತೇನೆ ಎಂದಿದ್ದರೆ ತೆಗೆಯಿರಿ; ಬಾಡಿಗೆ ನಿಯಂತ್ರಣವಿರುವ ಮನೆಗಳಿಗೆ ದರ ನಿಗದಿ ಮಾಡುವ ಮಂಡಳಿಯ ಒಂಬತ್ತೂ ಸದಸ್ಯರನ್ನು ನೇಮಿಸುವುದು ಮೇಯರ್. ಬಸ್ಸು, ಸಬ್‌ವೇ ಮಾತಿದ್ದರೆ ಅದನ್ನೂ ತೆಗೆಯಿರಿ; ಅವನ್ನು ನಡೆಸುವ ಎಂಟಿಎ ಸಂಸ್ಥೆ ರಾಜ್ಯದ ಹಿಡಿತದಲ್ಲಿದೆ. ಇಷ್ಟು ಮಾಡಿದರೆ ಎಷ್ಟೋ ಕರಪತ್ರಗಳಲ್ಲಿ ಎರಡೋ ಮೂರೋ ಸಾಲು ಉಳಿಯುತ್ತವೆ. ಹೋಲಿಸಬೇಕಾದದ್ದು ಆ ಸಾಲುಗಳನ್ನು.

ಗುತ್ತಿಗೆ ನೋಂದಣಿಯ ವಿಷಯ ಸ್ವಲ್ಪ ವಿವರವಾಗಿ ನೋಡಬೇಕು. ಯಾವುದೇ ಇಲಾಖೆ ಗುತ್ತಿಗೆಗೆ ಸಹಿ ಹಾಕಿದ ಮೇಲೆ ಅದು ಕಂಪ್ಟ್ರೋಲರ್ ಕಚೇರಿಗೆ ಬರಬೇಕು. 30 ದಿನದೊಳಗೆ ನೋಂದಣಿಯಾಗಬೇಕು. ನೋಂದಣಿಯಾಗದೆ ಬಿಲ್ ಪಾಸಾಗದು. ನಿರಾಕರಿಸಲು ನಗರದ ಚಾರ್ಟರ್ (ನಗರಾಡಳಿತದ ಮೂಲ ಕಾನೂನು) ಕೊಟ್ಟಿರುವ ಕಾರಣಗಳು ಕಡಿಮೆ: ಬಜೆಟ್‌ನಲ್ಲಿ ಹಣ ಇಲ್ಲದಿರುವುದು, ಬೇಕಾದ ದೃಢೀಕರಣ ಪತ್ರಗಳು ಇಲ್ಲದಿರುವುದು, ಗುತ್ತಿಗೆದಾರ ಕಪ್ಪುಪಟ್ಟಿಯಲ್ಲಿರುವುದು. ಭ್ರಷ್ಟಾಚಾರದ ಅನುಮಾನಕ್ಕೆ ಆಧಾರವಿದ್ದರೆ ಲಿಖಿತ ಆಕ್ಷೇಪ ಸಲ್ಲಿಸಬಹುದು. ಆದರೆ ಮೇಯರ್ ಲಿಖಿತ ಉತ್ತರ ಕೊಟ್ಟು ‘ನೋಂದಾಯಿಸಿ’ ಎಂದರೆ ನೋಂದಾಯಿಸಲೇಬೇಕು.

2023ರ ಸೆಪ್ಟೆಂಬರ್‌ನಲ್ಲಿ ಹೀಗೇ ಆಯಿತು. ವಲಸಿಗರಿಗೆ ವಸತಿ ಒದಗಿಸಲು ಡಾಕ್‌ಗೋ ಕಂಪನಿಗೆ ಕೊಟ್ಟಿದ್ದ 43.2 ಕೋಟಿ ಡಾಲರ್ ಗುತ್ತಿಗೆಯನ್ನು ಆಗಿನ ಕಂಪ್ಟ್ರೋಲರ್ ಬ್ರ್ಯಾಡ್ ಲ್ಯಾಂಡರ್ ಒಪ್ಪದೆ ವಾಪಸ್ ಕಳಿಸಿದರು. ಮೇಯರ್ ಎರಿಕ್ ಆಡಮ್ಸ್ ಗುತ್ತಿಗೆ ಮುಂದುವರಿಸಿದರು. ಹಾಗಾದರೆ ಆ ನಿರಾಕರಣೆ ವ್ಯರ್ಥವೇ? ಖಂಡಿತ ಅಲ್ಲ. ವಿಷಯ ಜನರ ಮುಂದೆ ಬಂತು. ಮುಂದೆ ಆ ಕಂಪನಿಯ ಬಿಲ್ಲುಗಳನ್ನು ಆಡಿಟ್ ಮಾಡಿದಾಗ, ಮೊದಲ ಎರಡು ತಿಂಗಳ ಪಾವತಿಯ ಬಹುಪಾಲಿಗೆ ಸರಿಯಾದ ದಾಖಲೆಯೇ ಇಲ್ಲವೆಂದು ಬರೆಯಲಾಯಿತು. ಅಭ್ಯರ್ಥಿಯನ್ನು ಇಲ್ಲಿಯೇ ಹಿಡಿದು ಕೇಳಿ: ‘ಮೇಯರ್ ನಿಮ್ಮ ಪಕ್ಷದವರೇ, ನಿಮಗೆ ಬೆಂಬಲ ಕೊಟ್ಟವರೇ ಆಗಿದ್ದರೂ ಹೀಗೆ ವಾಪಸ್ ಕಳಿಸುತ್ತಿದ್ದಿರಾ? ಈವರೆಗೆ ನಿಮ್ಮವರಿಗೆ ಯಾವುದಕ್ಕೆ ಇಲ್ಲ ಎಂದಿದ್ದೀರಿ?’ ಉತ್ತರದಲ್ಲಿ ಒಂದು ದಿನಾಂಕ, ಒಂದು ಮತ, ಒಂದು ಪತ್ರ ಇರಬೇಕು. ಇಲ್ಲದಿದ್ದರೆ ಅದು ಉತ್ತರವಲ್ಲ.

ಇದರ ಇನ್ನೊಂದು ಮುಖವನ್ನೂ ಮರೆಯಬೇಡಿ. ಮನೆಯಿಲ್ಲದವರ ಆಶ್ರಯ, ವೃದ್ಧರ ಊಟ, ಮಕ್ಕಳ ಆರೈಕೆ ನಡೆಸುವ ಲಾಭರಹಿತ ಸಂಸ್ಥೆಗಳ ಗುತ್ತಿಗೆಗಳು ಕೆಲಸ ಶುರುವಾಗಿ ಎಷ್ಟೋ ತಿಂಗಳ ನಂತರ ನೋಂದಣಿಯಾಗುವುದು ಅಲ್ಲಿ ಹಳೆಯ ರೋಗ. ಅಷ್ಟರವರೆಗೆ ಸಂಸ್ಥೆಗಳು ಸಾಲ ಮಾಡಿ ಸಂಬಳ ಕೊಡುತ್ತವೆ. ವಿಳಂಬದ ಹೆಚ್ಚು ಪಾಲು ಇಲಾಖೆಗಳಲ್ಲೇ ಆಗುತ್ತದೆ. ಹಾಗಾಗಿ ‘ನಾನು ಬಂದರೆ ಎಲ್ಲವನ್ನೂ ತಡೆಯುತ್ತೇನೆ’ ಎನ್ನುವವರಿಗಿಂತ, ಯಾವುದನ್ನು ಬೇಗ ಬಿಡಬೇಕು, ಯಾವುದನ್ನು ಹಿಡಿದು ನೋಡಬೇಕು ಎಂದು ಬಿಡಿಸಿ ಹೇಳುವವರು ವಾಸಿ.

ಆಡಿಟ್‌ನ ವಿಷಯಕ್ಕೆ ಬರೋಣ. ಪ್ರತಿ ಇಲಾಖೆಯ ಯಾವುದಾದರೂ ಒಂದು ಭಾಗವನ್ನು ನಾಲ್ಕು ವರ್ಷಕ್ಕೊಮ್ಮೆಯಾದರೂ ಆಡಿಟ್ ಮಾಡಬೇಕೆಂದು ಚಾರ್ಟರ್ ಹೇಳುತ್ತದೆ. ಸಣ್ಣಪುಟ್ಟ ಇಲಾಖೆಗಳ ಲೆಕ್ಕ ನೋಡಿ ಸಂಖ್ಯೆ ತುಂಬಿಸುವುದು ಸುಲಭ. ದೊಡ್ಡದನ್ನು ಮುಟ್ಟಿದವರು ಯಾರು ಎಂಬುದೇ ಪ್ರಶ್ನೆ. ನಗರದ ನೌಕರರ ಹಾಜರಾತಿ ಮತ್ತು ಸಂಬಳಕ್ಕೆಂದು 1998ರಲ್ಲಿ ಸುಮಾರು 6.3 ಕೋಟಿ ಡಾಲರ್ ಅಂದಾಜಿನಲ್ಲಿ ಶುರುವಾದ ಸಿಟಿಟೈಮ್ ಯೋಜನೆ 70 ಕೋಟಿ ಡಾಲರ್ ಆಸುಪಾಸಿಗೆ ಹೋಗಿ ನಿಂತಿತು. 2010ರಲ್ಲಿ ಆಗಿನ ಕಂಪ್ಟ್ರೋಲರ್ ಜಾನ್ ಲಿಯು ಅವರ ಕಚೇರಿಯ ಆಡಿಟ್ ಉಸ್ತುವಾರಿಯ ಲೋಪಗಳನ್ನು ಎತ್ತಿ ತೋರಿಸಿತು. ಆ ವರ್ಷದ ಕೊನೆಗೆ ಕ್ರಿಮಿನಲ್ ಮೊಕದ್ದಮೆಗಳೂ ಬಂದವು. 2012ರಲ್ಲಿ ಮುಖ್ಯ ಗುತ್ತಿಗೆದಾರ ಕಂಪನಿ 50 ಕೋಟಿ ಡಾಲರ್ ಕಟ್ಟಲು ಒಪ್ಪಿತು.

ಆಡಿಟ್ ವರದಿ ಓದುವಾಗ ಕೊನೆಯ ಪುಟಗಳಿಗೆ ಹೋಗಿ. ಇಲಾಖೆಯ ಲಿಖಿತ ಉತ್ತರ ಅಲ್ಲಿರುತ್ತದೆ. ಪ್ರತಿ ಶಿಫಾರಸಿಗೆ ‘ಒಪ್ಪುತ್ತೇವೆ’, ‘ಭಾಗಶಃ ಒಪ್ಪುತ್ತೇವೆ’, ‘ಒಪ್ಪುವುದಿಲ್ಲ’ ಎಂದು ಬರೆದಿರುತ್ತಾರೆ. ಎಲ್ಲಕ್ಕೂ ಒಪ್ಪಿದ್ದರೆ ಒಂದೋ ಆಡಿಟ್ ತೀರಾ ಮೆದು, ಇಲ್ಲವೇ ಇಲಾಖೆಗೆ ಜಾರಿ ಮಾಡುವ ಉದ್ದೇಶವಿಲ್ಲ. ಎರಡು ವರ್ಷದ ಮೇಲೆ ಅದೇ ವಿಷಯಕ್ಕೆ ಮರು ಆಡಿಟ್ ನಡೆದಿದೆಯೇ ನೋಡಿ. ಹುದ್ದೆಯಲ್ಲಿದ್ದು ಮತ್ತೆ ನಿಂತವರನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಕೋಲು ಇಲ್ಲ.

ಹೊಸಬರಾದರೆ ಅವರ ಹಿಂದಿನ ಕುರ್ಚಿಗೆ ತಕ್ಕ ದಾಖಲೆ ಹುಡುಕಬೇಕು. 2025ರ ಜೂನ್ 24ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ (ಪಕ್ಷ ತನ್ನ ಅಭ್ಯರ್ಥಿಯನ್ನು ಆರಿಸುವ ಚುನಾವಣೆ) ಮುಂಚೂಣಿಯಲ್ಲಿದ್ದವರು ಮಾರ್ಕ್ ಲೆವಿನ್ ಮತ್ತು ಜಸ್ಟಿನ್ ಬ್ರಾನನ್. ಬ್ರಾನನ್ ಆಗ ಕೌನ್ಸಿಲ್‌ನ ಹಣಕಾಸು ಸಮಿತಿಯ ಅಧ್ಯಕ್ಷರಾಗಿದ್ದರು. ಬಜೆಟ್ ವಿಚಾರಣೆಗಳಲ್ಲಿ ಅಧಿಕಾರಿಗಳಿಗೆ ಅವರು ಕೇಳಿದ ಪ್ರಶ್ನೆಗಳೂ, ಶಾಲೆಗಳ ಅನುದಾನ ಕಡಿತದಿಂದ ಪೋಷಕರ ಸಿಟ್ಟಿಗೆ ಗುರಿಯಾದ 2022ರ ಜೂನ್ ಬಜೆಟ್‌ನ ಒಪ್ಪಂದವೂ ಕಡತದಲ್ಲಿವೆ. ಲೆವಿನ್ ಆಗ ನಗರದ ಐದು ಬರೋಗಳಲ್ಲಿ (ವಿಭಾಗಗಳಲ್ಲಿ) ಒಂದಾದ ಮ್ಯಾನ್‌ಹಟನ್‌ನ ಅಧ್ಯಕ್ಷರಾಗಿದ್ದರು. ಆ ಹುದ್ದೆಗೆ ಬಜೆಟ್‌ನಲ್ಲಿ ಮತವಿಲ್ಲ. ಅಲ್ಲಿ ನೋಡಬೇಕಾದದ್ದು ತಮ್ಮ ಪಾಲಿನ ಬಂಡವಾಳ ಅನುದಾನವನ್ನು ಯಾವ ಶಾಲೆ, ಯಾವ ಗ್ರಂಥಾಲಯಕ್ಕೆ ಹಂಚಿದರು ಎಂಬುದು, ಮತ್ತು ಹಿಂದೆ ವಾಷಿಂಗ್ಟನ್ ಹೈಟ್ಸ್‌ನಲ್ಲಿ ಅವರು ಸ್ಥಾಪಿಸಿದ ಕ್ರೆಡಿಟ್ ಯೂನಿಯನ್‌ನ (ಸಹಕಾರಿ ಸಾಲ ಸಂಸ್ಥೆಯ) ನಡಿಗೆ. ಲೆವಿನ್ ಗೆದ್ದರು, 2026ರ ಜನವರಿಯಿಂದ ಕುರ್ಚಿಯಲ್ಲಿದ್ದಾರೆ. 2029ಕ್ಕೆ ಅವರೂ ನಿಂತರೆ, ಈಗಿನಿಂದಲೇ ಅವರ ಆಡಿಟ್‌ಗಳ ಕೊನೆಯ ಪುಟ ಓದುತ್ತಾ ಬನ್ನಿ.

ಒಂದೇ ಪ್ರಶ್ನೆ ಕೇಳಲು ಅವಕಾಶ ಸಿಕ್ಕರೆ ಇದನ್ನು ಕೇಳಿ: ‘ಈ ವರ್ಷದ ಬಜೆಟ್‌ನಲ್ಲಿ ಬೇಕೆಂದೇ ಕಡಿಮೆ ತೋರಿಸಿದ ಬಾಬ್ತು ಯಾವುದು?’ ಪೊಲೀಸ್ ಓವರ್‌ಟೈಮ್, ಬಾಡಿಗೆ ನೆರವಿನಂಥವನ್ನು ವರ್ಷದ ಆರಂಭದಲ್ಲಿ ಕಡಿಮೆ ಬರೆದು ಆಮೇಲೆ ಸೇರಿಸುವುದು ಅಲ್ಲಿ ಎಲ್ಲರಿಗೂ ಗೊತ್ತಿರುವ ಚಾಳಿ. ಬಜೆಟ್ ಓದಿದವರು ತಡವರಿಸದೆ ಹೆಸರು ಹೇಳುತ್ತಾರೆ.

ಪ್ರಶ್ನೆ: ಬಿ.ಕಾಂ. ಮುಗಿಸಿ ಸಿಎ ಓದುತ್ತಿದ್ದೇನೆ. ಇಂಥ ಹುದ್ದೆಗೆ ಲೆಕ್ಕಪರಿಶೋಧಕರೇ ನಿಲ್ಲಬೇಕು ಎಂಬ ನಿಯಮ ಯಾಕಿಲ್ಲ? (ಮೈಸೂರಿನ ವಿದ್ಯಾರ್ಥಿನಿ)

ಉತ್ತರ: ನ್ಯೂಯಾರ್ಕ್‌ನಲ್ಲಿ ಅಂಥ ಅರ್ಹತೆ ಕೇಳುವುದಿಲ್ಲ. ಲಾಸ್ ಏಂಜಲೀಸ್‌ನಲ್ಲಿ 2022ರಲ್ಲಿ ಕಂಟ್ರೋಲರ್ (ಇದೇ ಬಗೆಯ ಹುದ್ದೆ) ಆಗಿ ಗೆದ್ದ ಕೆನೆತ್ ಮೆಹಿಯಾ ಸಿಪಿಎ, ಅಂದರೆ ನಮ್ಮ ಸಿಎಯಂಥ ಲೆಕ್ಕಪರಿಶೋಧಕ, ಆಗಿದ್ದವರು. ನಗರದ ಖರ್ಚನ್ನು ದೊಡ್ಡ ಫಲಕಗಳಲ್ಲಿ ಜನರಿಗೆ ತೋರಿಸಿಯೇ ಮತ ಕೇಳಿದರು. ಓದು ನೆರವಾಗುವುದು ನಿಜ. ಆದರೆ ಓದೊಂದೇ ಸಾಲದು ಎನ್ನುವುದಕ್ಕೆ ನ್ಯೂಯಾರ್ಕ್‌ನ ಚರಿತ್ರೆಯಲ್ಲೇ ಉದಾಹರಣೆಯಿದೆ. ಏಬ್ ಬೀಮ್ ಅಕೌಂಟಿಂಗ್ ಓದಿದವರು, ನಗರದ ಬಜೆಟ್ ನಿರ್ದೇಶಕರಾಗಿದ್ದವರು, ಎರಡು ಅವಧಿಗೆ ಕಂಪ್ಟ್ರೋಲರ್ ಆಗಿದ್ದವರು. ದುಡ್ಡಿನ ವಿಷಯ ತಿಳಿದವರು ಎಂಬ ಹೆಸರಿನ ಮೇಲೇ 1974ರಲ್ಲಿ ಮೇಯರ್ ಆದರು. ಮರುವರ್ಷ ನಗರ ದಿವಾಳಿಯ ಅಂಚಿಗೆ ಬಂತು. ಸಂಬಳದಂಥ ದಿನನಿತ್ಯದ ಖರ್ಚನ್ನು ಬಂಡವಾಳ ಖಾತೆಗೆ ದೂಡುವುದು, ಬರುವ ತೆರಿಗೆಯನ್ನು ತೋರಿಸಿ ಅಲ್ಪಾವಧಿ ಸಾಲ ಎತ್ತುವುದು, ಹಳೆಯದನ್ನು ತೀರಿಸಲು ಹೊಸದು ಎತ್ತುವುದು ವರ್ಷಗಳಿಂದ ನಡೆದಿತ್ತು. ಆ ಪದ್ಧತಿ ಅವರೊಬ್ಬರದಲ್ಲ, ಆದರೆ ಅದು ಗೊತ್ತಿದ್ದ ಜಾಗದಲ್ಲೇ ಅವರು ಕೂತಿದ್ದರು. ತಾಂತ್ರಿಕ ಜ್ಞಾನವನ್ನು ಉಪ ಕಂಪ್ಟ್ರೋಲರ್‌ಗಳಿಂದ, ಮುಖ್ಯ ಹೂಡಿಕೆ ಅಧಿಕಾರಿಯಿಂದ ಪಡೆಯಬಹುದು. ಅಪ್ರಿಯ ಸತ್ಯ ಬರೆದು ಸಹಿ ಹಾಕುವ ಗಟ್ಟಿತನವನ್ನು ನೇಮಕ ಮಾಡಿಕೊಳ್ಳಲು ಆಗುವುದಿಲ್ಲ.

ಪ್ರಶ್ನೆ: ನಾನು ನಗರದ ಶಾಲೆಯಲ್ಲಿ ಶಿಕ್ಷಕಿ. ಪಿಂಚಣಿ ನಿಧಿಯ ಹಣವನ್ನು ಅಗ್ಗದ ಮನೆ ಕಟ್ಟಲು ಹಾಕುತ್ತೇವೆ ಎಂಬ ಮಾತು ಕೇಳಿದರೆ ಭಯವಾಗುತ್ತದೆ. ನನ್ನ ಪಿಂಚಣಿಗೆ ಕುತ್ತು ಬರುತ್ತದೆಯೇ? (ಬ್ರಾಂಕ್ಸ್‌ನ ಓದುಗರು)

ಉತ್ತರ: ನಿಮ್ಮ ನಿಗದಿತ ಪಿಂಚಣಿಗೆ ಕುತ್ತಿಲ್ಲ. ಅದನ್ನು ಕಡಿಮೆ ಮಾಡುವಂತಿಲ್ಲ ಎಂದು ರಾಜ್ಯದ ಸಂವಿಧಾನವೇ ಹೇಳುತ್ತದೆ. ಆದರೆ ನಿಧಿ ಶೇ 7ರ ಗಳಿಕೆಯನ್ನು ಲೆಕ್ಕ ಹಿಡಿದಿದೆ. ಅಷ್ಟು ಬರದಿದ್ದರೆ ಕೊರತೆಯನ್ನು ನಗರದ ಬಜೆಟ್ ತುಂಬಬೇಕು. ಈಗಾಗಲೇ ವರ್ಷಕ್ಕೆ ಸುಮಾರು 1,000 ಕೋಟಿ ಡಾಲರ್ ಹೋಗುತ್ತಿದೆ. ಅಂದರೆ ತಪ್ಪು ಹೂಡಿಕೆಯ ಪೆಟ್ಟು ನಿಮ್ಮ ಪಿಂಚಣಿಯ ಬದಲು ನಿಮ್ಮ ಶಾಲೆಯ ಅನುದಾನಕ್ಕೆ ಬೀಳಬಹುದು.

ಇಲ್ಲಿ ಕಂಪ್ಟ್ರೋಲರ್ ಒಬ್ಬರದೇ ಮಾತು ನಡೆಯುವುದಿಲ್ಲ. 28,000 ಕೋಟಿ ಡಾಲರ್‌ಗೂ ಮೀರಿದ ಐದು ನಿಧಿಗಳಿಗೆ ಐದು ಟ್ರಸ್ಟಿ ಮಂಡಳಿಗಳಿವೆ. 2021ರಲ್ಲಿ ಕಲ್ಲಿದ್ದಲು, ತೈಲ ಕಂಪನಿಗಳಿಂದ ಹಣ ಹಿಂತೆಗೆಯುವ ನಿರ್ಧಾರ ಪ್ರಕಟವಾದಾಗ ಮೂರು ನಿಧಿಗಳು ಒಪ್ಪಿದವು, ಪೊಲೀಸ್ ಮತ್ತು ಅಗ್ನಿಶಾಮಕ ನಿಧಿಗಳು ಸೇರಲಿಲ್ಲ. ನ್ಯೂಯಾರ್ಕ್ ರಾಜ್ಯದ ನಿಧಿಗಾದರೆ ರಾಜ್ಯ ಕಂಪ್ಟ್ರೋಲರ್ ಒಬ್ಬರೇ ಟ್ರಸ್ಟಿ. ಆ ಕುರ್ಚಿಯಲ್ಲಿದ್ದ ಅಲನ್ ಹೆವೆಸಿ, ಹೂಡಿಕೆಗೆ ಪ್ರತಿಯಾಗಿ ಲಾಭ ಪಡೆದದ್ದನ್ನು 2010ರಲ್ಲಿ ಒಪ್ಪಿಕೊಂಡು ಜೈಲಿಗೆ ಹೋದರು. ಮಂಡಳಿ ಇರುವುದು ತೊಡಕಲ್ಲ, ರಕ್ಷಣೆ.

ಮನೆ ಕಟ್ಟುವ ಯೋಜನೆಯ ಬಗ್ಗೆ ಮೂರು ವಿಷಯ ಕೇಳಿ: ಸಾಲಕ್ಕೆ ಸರ್ಕಾರಿ ಖಾತರಿ ಇದೆಯೇ, ನಿರೀಕ್ಷಿತ ಗಳಿಕೆ ಎಷ್ಟು, ನಷ್ಟವಾದರೆ ಮೊದಲು ಯಾರದು? 1975ರ ಅಕ್ಟೋಬರ್ 17ರಂದು ನಗರ ಸಾಲ ತೀರಿಸಲಾಗದೆ ನಿಂತಾಗ, ನಿಮ್ಮದೇ ಶಿಕ್ಷಕರ ನಿಧಿ ಕೊನೆಯ ಗಳಿಗೆಯಲ್ಲಿ ಬಾಂಡ್ ಕೊಂಡು ನಗರವನ್ನು ಉಳಿಸಿತು. ಆ ಸಲ ಹಣ ವಾಪಸ್ ಬಂತು. ಅದನ್ನು ವಾಡಿಕೆ ಮಾಡಿಕೊಳ್ಳುವಂತಿಲ್ಲ.

ಪ್ರಶ್ನೆ: ದೇಣಿಗೆ ಪಟ್ಟಿ ನೋಡಿ ಅನ್ನುತ್ತಾರೆ. ಅದರಲ್ಲಿ ಏನು ನೋಡಬೇಕು? (ಬ್ರೂಕ್ಲಿನ್‌ನ ಓದುಗರು)

ಉತ್ತರ: ಅಭ್ಯರ್ಥಿಗಳ ದೇಣಿಗೆಯನ್ನು ಕ್ಯಾಂಪೇನ್ ಫೈನಾನ್ಸ್ ಬೋರ್ಡ್ ತನ್ನ ತಾಣದಲ್ಲಿ ಹಾಕುತ್ತದೆ. ನಗರವಾಸಿಯ ದೇಣಿಗೆಯ ಮೊದಲ 250 ಡಾಲರ್‌ಗೆ ನಗರ ಒಂದಕ್ಕೆ ಎಂಟರಂತೆ ಸೇರಿಸಿ 2,000 ಕೊಡುತ್ತದೆ. ನಗರದ ಜೊತೆ ವ್ಯವಹಾರ ಇರುವವರು 400 ಡಾಲರ್ ಮೀರಿ ಕೊಡುವಂತಿಲ್ಲ, ಅದಕ್ಕೆ ಪೂರಕ ಹಣವೂ ಇಲ್ಲ. ಸಣ್ಣ ಮೊತ್ತದವರು ಎಷ್ಟಿದ್ದಾರೆ ಎನ್ನುವುದಕ್ಕಿಂತ ಉದ್ಯೋಗದಾತರ ಕಾಲಂ ನೋಡಿ. ಒಂದೇ ಬಿಲ್ಡರ್ ಕಂಪನಿಯ ಹತ್ತಾರು ನೌಕರರು ಒಂದೇ ವಾರ ಒಂದೇ ಮೊತ್ತ ಕೊಟ್ಟಿದ್ದರೆ ನಿಂತು ಯೋಚಿಸಿ. ಹೂಡಿಕೆ ಕಂಪನಿಗಳವರ ಹೆಸರು ಕಡಿಮೆ ಇರುವುದಕ್ಕೆ ಕಾರಣವಿದೆ: 2010ರ ಕೇಂದ್ರ ನಿಯಮದಂತೆ, ಅಂಥ ಕಂಪನಿಯ ಪ್ರಮುಖರು ತಾವು ಮತ ಹಾಕಬಲ್ಲ ಅಭ್ಯರ್ಥಿಗೆ 350 ಡಾಲರ್, ಮತ ಹಾಕಲಾಗದವರಿಗೆ 150 ಡಾಲರ್ ಮೀರಿ ಕೊಟ್ಟರೆ, ಎರಡು ವರ್ಷ ಆ ಪಿಂಚಣಿ ನಿಧಿಯಿಂದ ಶುಲ್ಕ ಪಡೆಯುವಂತಿಲ್ಲ.

ಪ್ರಶ್ನೆ: ಬೆಂಗಳೂರಿಗೆ ಇಂಥ ಚುನಾಯಿತ ಲೆಕ್ಕದ ಮುಖ್ಯಸ್ಥರು ಯಾಕಿಲ್ಲ? (ಬಸವನಗುಡಿಯ ಓದುಗರು)

ಉತ್ತರ: ನಮ್ಮ ಪಾಲಿಕೆಗಳಲ್ಲಿ ಹಣಕಾಸು ನೋಡುವವರು ಸರ್ಕಾರ ನೇಮಿಸಿದ ಅಧಿಕಾರಿಗಳು, ಲೆಕ್ಕ ತಪಾಸಣೆ ರಾಜ್ಯದ ಲೆಕ್ಕಪರಿಶೋಧನಾ ಇಲಾಖೆಯದು. ಜನರ ಕಡೆಯಿಂದ ಲೆಕ್ಕ ಕೇಳಬೇಕಾದದ್ದು ಕಾರ್ಪೊರೇಟರುಗಳಿರುವ ಲೆಕ್ಕಪತ್ರ ಸ್ಥಾಯಿ ಸಮಿತಿ. ಬಿಬಿಎಂಪಿ ಚುನಾಯಿತ ಮಂಡಳಿಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳಾಗುವವರೆಗೂ ಚುನಾವಣೆ ನಡೆಯಲಿಲ್ಲ. ಐದು ವರ್ಷ ಆ ಸಮಿತಿಯೇ ಇರಲಿಲ್ಲ ಎನ್ನುವುದು ನಮಗೆ ನೋವಿನ ಸಂಗತಿ. ಚುನಾಯಿತರೇ ಆಗಬೇಕೆಂದೇನಿಲ್ಲ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕಂಟ್ರೋಲರನ್ನು ಮೇಯರ್ ನೇಮಿಸುತ್ತಾರೆ, ಆದರೆ ಅವಧಿ ಹತ್ತು ವರ್ಷ. ನೇಮಿಸಿದವರು ಹೋದ ಮೇಲೂ ಅವರು ಇರುತ್ತಾರೆ. ವರ್ಷಕ್ಕೊಮ್ಮೆ ಎತ್ತಂಗಡಿಯಾಗುವ ಅಧಿಕಾರಿಯಿಂದ ಅಂಥ ಧೈರ್ಯ ನಿರೀಕ್ಷಿಸುವುದು ಕಷ್ಟ.

ಪ್ರಶ್ನೆ: ಪ್ರೈಮರಿಯಲ್ಲಿ ಇಷ್ಟದ ಕ್ರಮದಲ್ಲಿ ಐದು ಹೆಸರು ಗುರುತಿಸಬಹುದಂತೆ. ನನಗೆ ಇಷ್ಟವಾದವರು ಒಬ್ಬರೇ. ಐದೂ ಕಾಲಂನಲ್ಲಿ ಅವರನ್ನೇ ಗುರುತಿಸಿದರೆ ಬಲ ಹೆಚ್ಚುತ್ತದೆಯೇ? ಗ್ರೀನ್ ಕಾರ್ಡ್ ಇರುವ ನನ್ನ ಪತ್ನಿ ಮತ ಹಾಕಬಹುದೇ? (ಸ್ಟೇಟನ್ ಐಲ್ಯಾಂಡ್‌ನ ಓದುಗರು)

ಉತ್ತರ: ಹೆಚ್ಚುವುದಿಲ್ಲ. ಒಂದು ಸಲ ಗುರುತಿಸಿದ್ದಷ್ಟೇ ಲೆಕ್ಕಕ್ಕೆ. ಅವರು ಎಣಿಕೆಯಲ್ಲಿ ಹೊರಬಿದ್ದರೆ ನಿಮ್ಮ ಮತಪತ್ರವೂ ಅಲ್ಲಿಗೇ ಮುಗಿಯಿತು. ಎರಡನೆಯ ಸ್ಥಾನಕ್ಕೆ ‘ಇವರಾದರೂ ಪರವಾಗಿಲ್ಲ’ ಎನ್ನುವವರನ್ನು ಬರೆಯಿರಿ; ಮೊದಲಿನವರು ಹೊರಬಿದ್ದರೆ ನಿಮ್ಮ ಮತ ಅವರಿಗೆ ಹೋಗುತ್ತದೆ. ಅದರಿಂದ ಮೊದಲ ಆಯ್ಕೆಗೆ ಯಾವ ನಷ್ಟವೂ ಇಲ್ಲ. ಒಂದೇ ಕಾಲಂನಲ್ಲಿ ಇಬ್ಬರನ್ನು ಗುರುತಿಸಬೇಡಿ, ಆ ಸ್ಥಾನದ ಮತವೂ ಅದರ ಮುಂದಿನವೂ ಅಸಿಂಧುವಾಗುತ್ತವೆ. ನವೆಂಬರ್ ಚುನಾವಣೆಯಲ್ಲಿ ಈ ಪದ್ಧತಿ ಇಲ್ಲ, ಒಬ್ಬರಿಗೇ ಮತ.

ನಿಮ್ಮ ಪತ್ನಿ ಪೌರತ್ವ ಪಡೆಯುವವರೆಗೆ ಮತ ಹಾಕುವಂತಿಲ್ಲ. ಕಾಯಂ ನಿವಾಸಿಗಳಿಗೆ ನಗರದ ಚುನಾವಣೆಯಲ್ಲಿ ಹಕ್ಕು ಕೊಡುವ 2022ರ ಕಾಯ್ದೆಯನ್ನು ರಾಜ್ಯದ ಅತ್ಯುನ್ನತ ನ್ಯಾಯಾಲಯ 2025ರ ಮಾರ್ಚ್‌ನಲ್ಲಿ ರದ್ದು ಮಾಡಿತು. ನೀವು ಯಾವ ಪಕ್ಷಕ್ಕೂ ನೋಂದಾಯಿಸಿಕೊಂಡಿಲ್ಲದಿದ್ದರೆ ಪ್ರೈಮರಿಯಲ್ಲಿ ನಿಮಗೂ ಮತವಿಲ್ಲ. 2025ರಲ್ಲಿ ಪಕ್ಷ ಬದಲಿಸಿಕೊಳ್ಳಲು ಫೆಬ್ರುವರಿ 14 ಕೊನೆಯ ದಿನವಾಗಿತ್ತು, ಅಂದರೆ ಪ್ರೈಮರಿಗೆ ನಾಲ್ಕು ತಿಂಗಳು ಮೊದಲು. ಮುಂದಿನ ಸಲ ಜನವರಿಯಲ್ಲೇ ನಿಮ್ಮ ನೋಂದಣಿಯನ್ನು ಚುನಾವಣಾ ಮಂಡಳಿಯ ತಾಣದಲ್ಲಿ ನೋಡಿಕೊಳ್ಳಿ.