50 ಲಕ್ಷ ಯೆನ್‌ನ ಹಳೇ ಅಪಾರ್ಟ್‌ಮೆಂಟ್ ಕೊಳ್ಳಬಹುದಾ?

ಪ್ರಶ್ನೆ: ಟೋಕಿಯೋದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಸೈತಾಮಾ ಕಡೆ ಒಂದು ಹಳೇ ಅಪಾರ್ಟ್‌ಮೆಂಟ್ ಮಾರಾಟಕ್ಕಿದೆ. 1979ರ ಕಟ್ಟಡ, ಐದು ಮಹಡಿ, ಲಿಫ್ಟ್ ಇಲ್ಲ. ಮನೆ ಇರುವುದು ನಾಲ್ಕನೇ ಮಹಡಿಯಲ್ಲಿ, ಬೆಲೆ 50 ಲಕ್ಷ ಯೆನ್. ಈಗಿರುವ ಬಾಡಿಗೆದಾರರು ತಿಂಗಳಿಗೆ 45,000 ಕೊಡುತ್ತಾರೆ. ನಿರ್ವಹಣೆಗೆ 9,000, ದುರಸ್ತಿ ನಿಧಿಗೆ 12,000 ಕಟ್ಟಬೇಕು. ವರ್ಷಕ್ಕೆ 10.8 ಪರ್ಸೆಂಟ್ ಆದಾಯ ಎನ್ನುತ್ತಾರೆ ಏಜೆಂಟ್. ಸಾಲ ಬೇಕಿಲ್ಲ, ಕೈಯಲ್ಲಿ ಹಣವಿದೆ. ಕೊಳ್ಳಬಹುದಾ ಮೇಡಂ?

ಉತ್ತರ: ಈ ಬೆಲೆಗೆ ಬೇಡ.

ಏಜೆಂಟ್ ಹೇಳಿದ್ದು ವರ್ಷದ ಬಾಡಿಗೆ 5,40,000ವನ್ನು ಬೆಲೆಗೆ ಹೋಲಿಸಿ ಬಂದ ಲೆಕ್ಕ. ನಿರ್ವಹಣೆ ಮತ್ತು ದುರಸ್ತಿ ನಿಧಿಗೇ 2,52,000 ಹೋಗುತ್ತದೆ. ಬಾಡಿಗೆ ವಸೂಲಿ ಮಾಡುವ ಕಂಪನಿಗೆ 5 ಪರ್ಸೆಂಟ್ ಅಂದರೂ 27,000. ಆಸ್ತಿ ತೆರಿಗೆ ಅಂದಾಜು 50,000 ಹಿಡಿಯಿರಿ. ಉಳಿಯುವುದು 2,11,000. ಇನ್ನು ಕೊಳ್ಳುವ ಖರ್ಚು ಬೇರೆ. 80 ಲಕ್ಷ ಯೆನ್‌ವರೆಗಿನ ಮನೆಗೆ 2024ರ ಜುಲೈಯಿಂದ ಏಜೆಂಟ್ ಕಮಿಷನ್ 3,30,000ದವರೆಗೂ ಹೋಗಬಹುದು. ನೋಂದಣಿ, ಖರೀದಿ ತೆರಿಗೆ ಸೇರಿ ನಿಮ್ಮ ಕೈಯಿಂದ 55 ಲಕ್ಷ ಹೋಯಿತು ಅಂದುಕೊಳ್ಳಿ. ಆದಾಯ 4 ಪರ್ಸೆಂಟ್ ಕೂಡ ಇಲ್ಲ. ಗೀಸರ್ ಒಂದು ಕೆಟ್ಟರೆ ಆ ವರ್ಷದ ಲಾಭದ ದೊಡ್ಡ ಪಾಲು ಅಲ್ಲಿಗೇ.

ನನಗೆ ಜಾಸ್ತಿ ಚಿಂತೆ ಆ 12,000ದ ಬಗ್ಗೆ. ಚಿಬಾದಲ್ಲಿ ನಾವಿರುವ ಕಟ್ಟಡದ ಮಾಲೀಕರ ಸಂಘದಲ್ಲಿ ಸರದಿ ಪ್ರಕಾರ ನಾನೂ ಸಮಿತಿಯಲ್ಲಿದ್ದೆ. ಹೊರಗೋಡೆ, ತಾರಸಿ, ನೀರಿನ ಪೈಪು ಎಲ್ಲಾ ಸೇರಿದ ದೊಡ್ಡ ದುರಸ್ತಿ 12ರಿಂದ 15 ವರ್ಷಕ್ಕೊಮ್ಮೆ ಬರುತ್ತದೆ. ಎಷ್ಟೋ ಕಟ್ಟಡಗಳಲ್ಲಿ ಮೊದಲು ನಿಧಿಯ ಕಂತು ಕಡಿಮೆ ಇಟ್ಟು, ಆಮೇಲೆ ಹಂತ ಹಂತವಾಗಿ ಏರಿಸುತ್ತಾರೆ. ಕಂತು ಏರಿಸೋಣ ಅಂದಾಗ ಪಿಂಚಣಿಯಲ್ಲಿ ಬದುಕುವ ಹಿರಿಯರ ಮುಖ ನೋಡಲಾಗುತ್ತಿರಲಿಲ್ಲ. ಹಾಗಾಗಿ ನಿರ್ಧಾರ ಮುಂದಕ್ಕೆ ಹೋಗುತ್ತದೆ, ನಿಧಿ ಸೊರಗುತ್ತದೆ. ಹಣ ಸಾಲದಿದ್ದರೆ ಒಮ್ಮೆಗೇ ಲಕ್ಷಾಂತರ ಯೆನ್ ಕೊಡಿ ಎಂದು ಎಲ್ಲ ಮಾಲೀಕರನ್ನೂ ಕೇಳುತ್ತಾರೆ. ನೀವೂ ಅವರಲ್ಲೊಬ್ಬರು.

ಅದಕ್ಕೇ ಮನೆ ನೋಡುವ ಮೊದಲು ಕಾಗದ ನೋಡಿ. ನಿರ್ವಹಣಾ ಕಂಪನಿಯಿಂದ ಕಟ್ಟಡದ ತನಿಖಾ ವರದಿ ತರಿಸಿಕೊಡಿ ಎಂದು ಏಜೆಂಟ್‌ಗೆ ಹೇಳಿ. ನಿಧಿಯಲ್ಲಿ ಎಷ್ಟಿದೆ, ಬಾಕಿ ಎಷ್ಟು ಉಳಿದಿದೆ, ಕಂತು ಏರುವ ತೀರ್ಮಾನ ಆಗಿದೆಯಾ, ಎಲ್ಲಾ ಗೊತ್ತಾಗುತ್ತದೆ. ದೀರ್ಘಾವಧಿ ದುರಸ್ತಿ ಯೋಜನೆ, ಈಚಿನ ಸಭೆಗಳ ನಡಾವಳಿ ಕೂಡ ಕೇಳಿ. ಒಂದು ಮಾತು ಮರೆಯಬೇಡಿ: ಈಗಿನ ಮಾಲೀಕರು ಉಳಿಸಿದ ಬಾಕಿಯನ್ನು ಸಂಘ ಕಾನೂನು ಪ್ರಕಾರ ನಿಮ್ಮಿಂದಲೇ ವಸೂಲಿ ಮಾಡಬಹುದು.

ಭೂಕಂಪದ ವಿಷಯ. ಈಗಿನ ನಿಯಮ ಬಂದದ್ದು 1981ರ ಜೂನ್ 1ರಂದು. ಲೆಕ್ಕಕ್ಕೆ ಬರುವುದು ಕಟ್ಟಲು ಅನುಮತಿ ಸಿಕ್ಕ ದಿನ, ಹಾಗಾಗಿ 1982ರಲ್ಲಿ ಮುಗಿದ ಕಟ್ಟಡವೂ ಹಳೇ ನಿಯಮದ್ದಾಗಿರಬಹುದು. ನಿಮ್ಮದಂತೂ ಹಳೇ ನಿಯಮದ್ದೇ. ಹಾಗಂತ ತಕ್ಷಣ ಕೈಬಿಡಬೇಕಿಲ್ಲ. ಕಂಬಗಳ ಬದಲು ಗೋಡೆಗಳೇ ಭಾರ ಹೊರುವ ಐದು ಮಹಡಿಯ ಕಾಂಕ್ರೀಟ್ ಕಟ್ಟಡಗಳು 1995ರ ಕೋಬೆ ಭೂಕಂಪದಲ್ಲಿ ಚೆನ್ನಾಗಿಯೇ ತಡೆದುಕೊಂಡವು. ಇದು ಆ ಬಗೆಯದಾ, ಪರೀಕ್ಷೆ ಮಾಡಿಸಿದ್ದಾರಾ ಎಂದು ವಿಚಾರಿಸಿ.

ಬಾಡಿಗೆದಾರರು ಇರುವ ಮನೆಯನ್ನು ಸಾಮಾನ್ಯವಾಗಿ ಒಳಗೆ ಹೋಗಿ ನೋಡಲು ಆಗುವುದಿಲ್ಲ. ಅವರು ಕೊಟ್ಟ ಠೇವಣಿ ಹಿಂತಿರುಗಿಸುವ ಹೊಣೆಯೂ ನಿಮಗೆ ಬರುತ್ತದೆ. ಸಾಮಾನ್ಯ ಕರಾರಾದರೆ ನಿಮಗೆ ಬೇಕೆಂದಾಗ ಬಿಡಿಸಲೂ ಆಗದು. ಅವರು ತಾವಾಗಿ ಹೋದರೆ, ಲಿಫ್ಟ್ ಇಲ್ಲದ ನಾಲ್ಕನೇ ಮಹಡಿಗೆ ಇನ್ನೊಬ್ಬರು ಸಿಗಲು ತಿಂಗಳುಗಳೇ ಬೇಕಾಗಬಹುದು. ಆಗಲೂ ಆ 21,000 ಕಟ್ಟುತ್ತಲೇ ಇರಬೇಕು, ಅಲ್ವಾ?

ಕಾಗದಗಳೆಲ್ಲಾ ಸರಿ ಇದ್ದರೆ 35 ಲಕ್ಷಕ್ಕೆ ಕೇಳಿ ನೋಡಿ. ಖರ್ಚು ಸೇರಿ 40 ಲಕ್ಷಕ್ಕೆ ಬಂದರೆ 5 ಪರ್ಸೆಂಟ್ ದಾಟುತ್ತದೆ. ವರದಿ ಕೈಗೆ ಬರುವವರೆಗೆ ಮುಂಗಡ ಮಾತ್ರ ಕೊಡಬೇಡಿ.