ಆಪ್ತಸಲಹೆ ಪ್ರಕರಣ: ಜೋಮು ಹಿಡಿದ ಕಾಲು, ಎಂಆರ್‌ಐ ಕವರ್ ಮತ್ತು ಒಂದು ಜಾಲಿ ಮುಳ್ಳು

ಇವರನ್ನು ಇಲ್ಲಿ ಅಕ್ಕ ಅಂತಲೇ ಕರೆಯುತ್ತೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಐವತ್ತರ ಆಸುಪಾಸಿನವರು, ಕಲಬುರಗಿ ಜಿಲ್ಲೆಯ ಹಳ್ಳಿಯವರು, ತೊಗರಿ ಹೊಲದಲ್ಲಿ ಕೂಲಿ. ಬಹಳ ವರ್ಷದಿಂದ ಶುಗರ್ ಇದೆ, ಅದಕ್ಕೆ ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ತಾರೆ. ಕಾಲು ಜೋಮು ಅಂತ ಬಂದಿದ್ದರು. ಜೊತೆಗೆ ಬಂದಿದ್ದ ಮಗನ ಕೈಯಲ್ಲಿ ಎಂಆರ್‌ಐ ಕವರ್ ಇತ್ತು. ಸೊಂಟದ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಉಬ್ಬಿದೆ ಅಂತ ವರದಿ. ಆಪರೇಷನ್ ಬೇಕಾಗಬಹುದು ಅಂತ ಯಾರೋ ಹೇಳಿದ್ದರಂತೆ, ಅವನು ಆಗಲೇ ಸಾಲಕ್ಕೆ ಓಡಾಡುತ್ತಿದ್ದ.

ರೋಗ ಯಾವುದು ಅಂತ ಹೇಳುವುದು ಡಾಕ್ಟರ ಕೆಲಸ. ನಾನು ಆಪ್ತಸಮಾಲೋಚಕಿ, ಕೂತು ಕೇಳುವುದು ನನ್ನ ಕೆಲಸ. ಒಂದು ಕಾಲೋ, ಎರಡೂ ಕಾಲೋ? ಎಲ್ಲಿಂದ ಶುರುವಾಯ್ತು? ನಡೆದರೆ ಜಾಸ್ತಿಯೋ, ಮಲಗಿದರೆ ಜಾಸ್ತಿಯೋ?

ಎರಡೂ ಪಾದಗಳಲ್ಲಿ, ಬೆರಳ ತುದಿಯಿಂದ ಶುರುವಾಗಿ, ಕಾಲುಚೀಲ ಹಾಕಿಕೊಂಡಷ್ಟು ಜಾಗಕ್ಕೆ ಮೆಲ್ಲಗೆ ಏರಿತ್ತು. ಮೊದಲು ರಾತ್ರಿಯೆಲ್ಲ ಉರಿ, ಚುಮುಚುಮು. ಆಮೇಲೆ ಉರಿ ಕಮ್ಮಿಯಾಯ್ತು, ಗುಣ ಆಗ್ತಾ ಇದೆ ಅಂತ ಮನೆಯವರೆಲ್ಲ ಸಮಾಧಾನಪಟ್ಟರು. ಅಕ್ಕ ಹೇಳಿದ್ದು ಬೇರೆ: "ಕಾಲಾಗ ನೆಲಾ ಅದಾ ಇಲ್ಲಾ ತಿಳಿವಲ್ದಾಗ್ಯಾದ್ರಿ." ಚಪ್ಪಲಿ ಜಾರಿ ಹೋದರೂ ಗೊತ್ತಾಗಲ್ಲ. ಕಣ್ಣು ಮುಚ್ಚಿ ಮುಖ ತೊಳೆಯುವಾಗ ತೂರಾಡಿ ಗೋಡೆ ಹಿಡಿಯುತ್ತಾರೆ.

ಚಪ್ಪಲಿ ಬಿಚ್ಚಿಸಿ ಅಂಗಾಲು ನೋಡಿದೆವು. ಎಡಗಾಲ ಹೆಬ್ಬೆರಳ ಕೆಳಗೆ ಚರ್ಮ ದಪ್ಪಗಟ್ಟಿ, ನಡುವೆ ಒಂದು ಕಪ್ಪು ಚುಕ್ಕೆ. ಜಾಲಿ ಮುಳ್ಳು! ಒಳಗೇ ಮುರಿದಿತ್ತು, ಸುತ್ತ ಸ್ವಲ್ಪ ಕೀವು. ಯಾವಾಗ ಚುಚ್ಚಿತ್ತೋ ಅಕ್ಕನಿಗೆ ಗೊತ್ತೇ ಇರಲಿಲ್ಲ. ನೋವು ಇಲ್ಲದ ಕಾಲಿನ ಬಗ್ಗೆ ನನಗೆ ಜಾಸ್ತಿ ಭಯ ಆಗುವುದು ಇದಕ್ಕೇ. ನೋವಿದ್ದರೆ ಜನ ಆಸ್ಪತ್ರೆಗೆ ಬರುತ್ತಾರೆ. ನೋವಿಲ್ಲದ ಹುಣ್ಣು ಮೂಳೆಯ ತನಕ ಹೋದ ಮೇಲೆ ಬರುತ್ತಾರೆ.

ಮಗ ಚೀಟಿ ಮಾಡಿಸಲು ಹೊರಗೆ ಹೋದಾಗ ಅಕ್ಕ ದನಿ ಇಳಿಸಿದರು. "ಬಾಜು ಮನಿಯವರು ನನ್ನ ಚಾದ ಕಪ್ಪು ಬ್ಯಾರೆ ಇಡ್ಲತ್ತಾರ್ರೀ ಮೇಡಂ." ಕುಷ್ಠ ಇರಬಹುದು ಅಂತ ಓಣಿಯಲ್ಲಿ ಗುಸುಗುಸು ಇತ್ತು. ಎಂಆರ್‌ಐಗಿಂತ ದೊಡ್ಡ ಭಾರ ಅದೇ ಆಗಿತ್ತು. ನೇರವಾಗಿಯೇ ಮಾತಾಡಿದೆ. ಕುಷ್ಠದಲ್ಲೂ ಸ್ಪರ್ಶ ಹೋಗುತ್ತದೆ ನಿಜ. ಸಾಮಾನ್ಯವಾಗಿ ಬಿಳುಪು ಅಥವಾ ಕೆಂಪು ಮಚ್ಚೆ ಇರುತ್ತದೆ, ಮುಟ್ಟಿದರೆ ಅಲ್ಲಿ ಗೊತ್ತಾಗಲ್ಲ, ನರ ದಪ್ಪಗಾಗುತ್ತದೆ. ಇದ್ದರೂ 6 ಅಥವಾ 12 ತಿಂಗಳ ಮಾತ್ರೆಗೆ ವಾಸಿಯಾಗುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಡಾಕ್ಟರು ಮೈಯೆಲ್ಲ ಪರೀಕ್ಷಿಸಿ ಅದಲ್ಲ ಅಂದರು. ಆ ಮಾತನ್ನು ಅಕ್ಕ ಮತ್ತೆ ಮತ್ತೆ ಹೇಳಿಸಿಕೊಂಡರು.

ರಕ್ತ ಪರೀಕ್ಷೆ ಬಂತು. ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಹತ್ತರ ಮೇಲೆ. 6.5 ಮುಟ್ಟಿದರೇ ಶುಗರ್ ಅಂತ ಲೆಕ್ಕ. ವಿಟಮಿನ್ ಬಿ12 ಕೂಡ ತುಂಬ ಕಮ್ಮಿ. ಈ ಎರಡರಿಂದಲೂ ಪಾದದ ನರ ಹಾಳಾಗಿ ಹೀಗೆ ಜೋಮು ಹಿಡಿಯಬಹುದು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡವರಲ್ಲಿ ಬಿ12 ಇಳಿಯಬಹುದು, ಹಾಲು, ಮೊಟ್ಟೆ, ಮಾಂಸ ಅಪರೂಪವಾದರೆ ಇನ್ನೂ ಬೇಗ. ಹಾಗಂತ ಮಾತ್ರೆ ತಾವೇ ನಿಲ್ಲಿಸಬಾರದು. ಡಾಕ್ಟರು ಬಿ12 ಇಂಜೆಕ್ಷನ್ ಬರೆದರು, ಶುಗರ್ ಮಾತ್ರೆ ಬದಲಿಸಿದರು, ಮುಳ್ಳು ತೆಗೆಸಿದರು.

ಹಾಗಾದರೆ ಡಿಸ್ಕ್? ಈ ವಯಸ್ಸಿಗೆ ಯಾವ ನೋವೂ ಇಲ್ಲದವರ ಎಂಆರ್‌ಐಯಲ್ಲೂ ಉಬ್ಬು ಕಾಣುವುದು ಸಾಮಾನ್ಯ. ಡಿಸ್ಕ್ ನರ ಒತ್ತಿದಾಗ ಹೆಚ್ಚಾಗಿ ಒಂದೇ ಕಾಲು, ಪೃಷ್ಠದಿಂದ ಕೆಳಗೆ ಸೆಳೆತ, ಕೆಮ್ಮಿದರೆ ಸೀನಿದರೆ ಜಾಸ್ತಿ. ಬೆನ್ನುಹುರಿಯ ಕಾಲುವೆ ಕಿರಿದಾದವರಿಗೆ ನಡೆದಂತೆ ಎರಡೂ ಕಾಲು ಭಾರ, ಮುಂದಕ್ಕೆ ಬಾಗಿದರೆ ಹಗುರ, ಹಾಗಾಗಿ ನಡೆಯಲಾಗದವರು ಸೈಕಲ್ ಆರಾಮಾಗಿ ತುಳಿಯುತ್ತಾರೆ. ಬೀಡಿ ಸೇದುವವರಿಗೆ ನಡೆದಾಗ ಮೀನಖಂಡ ಹಿಡಿದುಕೊಂಡು, ನಿಂತ ಕೂಡಲೇ ಬಿಟ್ಟರೆ ರಕ್ತನಾಳ ನೋಡಿಸಬೇಕು. ಕುಕ್ಕರುಗಾಲಲ್ಲಿ ಗಂಟೆಗಟ್ಟಲೆ ಕಳೆ ತೆಗೆದು ಎದ್ದಾಗ ಪಾದ ಮೇಲೆತ್ತಲು ಬರದಿದ್ದರೆ, ಮೊಣಕಾಲ ಪಕ್ಕದ ನರ ಒತ್ತಿಹೋಗಿರಬಹುದು. ಡಾಕ್ಟರ ಮುಂದೆ ಸುಮ್ನೆ "ಕಾಲು ನೋವು" ಅಂದರೆ ಇದೆಲ್ಲ ಅವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ? ಆಪರೇಷನ್ ಬಗ್ಗೆ ನರರೋಗ ತಜ್ಞರನ್ನು ಕೇಳುವ ತನಕ ಸಾಲ ಮಾಡಬೇಡ ಅಂತ ಮಗನಿಗೆ ಹೇಳಿದೆ. ಆದರೆ ಮೂತ್ರ, ಮಲ ಹಿಡಿತ ತಪ್ಪಿದರೆ, ತೊಡೆಸಂದಿ ಜೋಮು ಹಿಡಿದರೆ, ಪಾದ ತಣ್ಣಗಾಗಿ ಕಪ್ಪಾದರೆ, ಒಂದೇ ಮೀನಖಂಡ ಊದಿ ಬಿಸಿಯಾದರೆ ಅವತ್ತೇ ಆಸ್ಪತ್ರೆ. ಮುಖ ಸೊಟ್ಟಗಾಗಿ ಒಂದು ಕಡೆಯ ಕೈಕಾಲು ಸೋತರೆ 108ಕ್ಕೆ ಫೋನ್.

ಮನೆಯಲ್ಲಿ ಮಾಡುವುದು: ರಾತ್ರಿ ಮಲಗುವ ಮೊದಲು ಮಗ ಅಂಗಾಲು, ಬೆರಳ ಸಂದಿ ನೋಡಬೇಕು. ಬಿಸಿ ಉಪ್ಪಿನ ಶಾಖ ಬೇಡವೇ ಬೇಡ, ಸುಟ್ಟರೂ ಗೊತ್ತಾಗಲ್ಲ. ಸ್ನಾನದ ನೀರು ಮೊದಲು ಮೊಣಕೈಗೆ. ಹಿಂದೆ ಪಟ್ಟಿ ಇರುವ ಮೆತ್ತನೆಯ ಚಪ್ಪಲಿ, ಮನೆಯೊಳಗೂ. ಅಂಗಡಿಯಲ್ಲಿ ಕೇಳಿ ನೋವಿನ ಗುಳಿಗೆ ನುಂಗಬಾರದು, ಶುಗರ್ ಇರುವವರ ಕಿಡ್ನಿಗೆ ಅದು ಹೊಡೆತ. ಜೋಳದ ರೊಟ್ಟಿ ಎಷ್ಟು ತಿಂದರೂ ಶುಗರ್ ಏರಲ್ಲ ಅನ್ನುವ ನಂಬಿಕೆ ನಮ್ಮ ಕಡೆ ಗಟ್ಟಿ. ಏರುತ್ತದೆ. ನಾಲ್ಕರ ಬದಲು ಎರಡು, ಜೊತೆಗೆ ಪಲ್ಯ, ಬೇಳೆ ಜಾಸ್ತಿ.

ಒಂದು ವಿಷಯಕ್ಕೆ ಮಾತ್ರ ಅಕ್ಕ ಒಪ್ಪಲಿಲ್ಲ. ಹುಣ್ಣಿಮೆಗೆ ಗಾಣಗಾಪುರದ ದತ್ತಾತ್ರೇಯನ ಗುಡಿಗೆ ಬರಿಗಾಲಲ್ಲಿ ನಡೆದು ಹೋಗುವ ಹರಕೆ ಇತ್ತು. ಹರಕೆ ಬಿಡಿ ಅಂತ ನಾನು ಹೇಳಲ್ಲ. ಕೊನೆಗೆ ಹೀಗೆ ಒಪ್ಪಿದರು: ಗಾಯ ಪೂರ್ತಿ ಮಾಯಬೇಕು, ಬಸ್ಸಿನಲ್ಲಿ ಹೋಗಬೇಕು, ಗುಡಿಯ ಬಾಗಿಲ ತನಕ ಚಪ್ಪಲಿ, ಒಳಗೆ ದಪ್ಪ ಕಾಲುಚೀಲ, ನೆಲ ಕಾಯುವ ಮೊದಲೇ ದರ್ಶನ. ವಾಪಸ್ ಬಂದ ಕೂಡಲೇ ಮಗ ಅಂಗಾಲು ನೋಡಬೇಕು. ಮೂರು ತಿಂಗಳಿಗೆ ಮತ್ತೆ ಬಂದಾಗ ಶುಗರ್ ಇಳಿದಿತ್ತು, ತೂರಾಟ ಕಮ್ಮಿಯಾಗಿತ್ತು. ಪಾದದ ಜೋಮು ಹೆಚ್ಚುಕಮ್ಮಿ ಹಾಗೇ ಇದೆ, ಪೂರ್ತಿ ಹೋಗದೇ ಇರಬಹುದು ಅಂತ ಅವರಿಗೆ ಹೇಳಿದ್ದೇನೆ. ಕಣ್ಣಿನ ಪರದೆ ಮತ್ತು ಕಿಡ್ನಿ ಪರೀಕ್ಷೆಗೂ ಚೀಟಿ ಕೊಟ್ಟಿದ್ದೇವೆ.